ಕೆಳಬೈಲಿಗೆ ತೂಗಿದ ಭೂಗೋಳ

ಮೊನ್ನೆ ಬ್ರಹ್ಮಾವರದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ಎದುರಿಗೆ ಬಂದು ನಿಂತ ಬಸ್ಸಿನ ಟಾಪಿನಿಂದ ನನ್ನ ಹೆಗಲ ಮೇಲೆ ನೀರು ಸುರಿಯಿತು. ಮಳೆ ನಿಂತು ಬಹಳ ಹೊತ್ತಾಗಿತ್ತು. ತಲೆಯೆತ್ತಿದರೆ ಮೇಲೆ ಗೋಣಿಚೀಲಗಳು. ತೆಂಗಿನ ಬುಡಕ್ಕೆ ಗೊಬ್ಬರ ಮಾಡಲು ಯಾರೋ ಒಯ್ಯುತ್ತಿದ್ದ ಒಣ ಬೂತಾಯಿ ಮೀನು ಮಳೆಯಲ್ಲಿ ನೆನೆದು ಮತ್ತೆ ಹಸಿಯಾಗಿ, ಹಸಿಯಾದ ಮೇಲೆ ಕೊಳೆತು, ಕಂದು ನೀರಾಗಿ ಇಳಿಯುತ್ತಿತ್ತು. ಕಂಡಕ್ಟರ್ ನನ್ನನ್ನು ನೋಡಿ, "ಹ್ವಾಯ್ ಮಾಷ್ಟ್ರೇ, ಚೂರ್ ಆಚಿಗ್ ನಿಲ್ಲಿ. ಅದ್ ನಿಮ್ಗಲ್ಲ, ತೆಂಗಿನ್ ಮರಕ್ಕೆ" ಎಂದ. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಹೊಟ್ಟೆ ತೊಳಸಿ ಬಂತು. ಅದರ ಹಿಂದೆಯೇ ಅರವತ್ತೊಂದರ ಮಳೆಗಾಲ ಬಂತು.

ವಾಸನೆ ಬಂದ ಕೂಡಲೇ ಹಳೆಯದೆಲ್ಲ ಕಣ್ಣ ಮುಂದೆ ನಿಂತಿತು ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ಆ ಮಳೆಗಾಲಕ್ಕೂ ಮೀನಿಗೂ ಸಂಬಂಧವೇ ಇರಲಿಲ್ಲ. ನೆನಪಿಗೆ ಮೂಗು ಇಲ್ಲ, ಅದು ಸಿಕ್ಕಿದ ವಾಸನೆಯನ್ನು ಎತ್ತಿಕೊಂಡು ಹಳೆಯ ಗಾಯಕ್ಕೆ ಸವರುತ್ತದೆ. ಎರಡಕ್ಕೂ ಇದ್ದ ಸಂಬಂಧ ಇಷ್ಟೇ: ಆಗಲೂ ನನಗೆ ವಾಕರಿಕೆ ಬಂದಿತ್ತು, ಆಗಲೂ ನಾಲ್ಕು ಜನ ಮರ್ಯಾದಸ್ಥರ ನಡುವೆ ನಿಂತಿದ್ದರಿಂದ ನುಂಗಿಕೊಂಡಿದ್ದೆ. ಆ ಮಳೆಗಾಲದಲ್ಲಿ ನಮ್ಮ ಮನೆಯವರು ನನ್ನ ಭೂಗೋಳದ ಪದವಿಯನ್ನು ಒಂದು ತಟ್ಟೆಯಲ್ಲಿಟ್ಟು, ಇನ್ನೊಂದು ತಟ್ಟೆಯಲ್ಲಿ ಅಕ್ಕನ ಗದ್ದೆಯನ್ನಿಟ್ಟು ತೂಗಿದರು.

ಪದವಿ ಹೇಗೆ ಬಂತೆಂದು ಮೊದಲು ಹೇಳಬೇಕು. ನಮ್ಮ ಮನೆ ಬ್ರಹ್ಮಾವರದಿಂದ ಒಳಗೆ, ಹೊಳೆಯ ಪಕ್ಕ. ನಮ್ಮದು ಅಳಿಯಸಂತಾನ. ಗೊತ್ತಿಲ್ಲದವರಿಗೆ ಎರಡು ಮಾತು: ಆಸ್ತಿ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಮನೆ ನಡೆಸುವ ಯಜಮಾನ ತಾಯಿಯ ಅಣ್ಣನೋ ತಮ್ಮನೋ. ಆದರೆ ಗಂಡಸಿಗೆ ಇರುವುದು ಉಸಿರಿರುವ ತನಕ ಉಣ್ಣುವ ಹಕ್ಕು. ಅವನು ಸತ್ತರೆ ಅವನ ಪಾಲು ತಾಯಿಯ ಕಡೆಗೇ ಹಿಂದಿರುಗುತ್ತದೆ. ಅವನ ಮಕ್ಕಳು ಅವರ ತಾಯಿಯ ಮನೆಯವರು. ನಮ್ಮ ಯಜಮಾನರು ಮಂಜಯ್ಯ ಮಾವ, ನನ್ನ ಅಬ್ಬಿಯ, ಅಂದರೆ ಅಮ್ಮನ, ಅಣ್ಣ. ಅಬ್ಬಿಗೆ ನಾವು ಇಬ್ಬರು, ಗುಲಾಬಿ ಅಕ್ಕ ಮತ್ತು ನಾನು. ಅಬ್ಬಿಯ ತಂಗಿ ಚಿಕ್ಕಮ್ಮ, ಅವಳ ಮಗ ರಘುರಾಮ, ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಎಲ್ಲರಿಗೂ ಒಂದೇ ಒಲೆ.

ಐವತ್ತಾರರಲ್ಲಿ ನನ್ನನ್ನು ಓದಿಸುವ ಪ್ರಶ್ನೆ ಬಂದಾಗ ಮಾವ ಕುಂದಾಪುರಕ್ಕೆ ಹೋಗಿ ಯಾರನ್ನೋ ಕೇಳಿಕೊಂಡು ಬಂದರು. ಮದ್ರಾಸಿನಲ್ಲಿ ಭೂಗೋಳ ಅಂತ ಒಂದು ಓದು ಇದೆಯಂತೆ. ಮಾವನಿಗೆ ಅದು ಒಪ್ಪಿಗೆಯಾಯಿತು. ಅವರ ಅರ್ಧ ಆಯುಷ್ಯ ಗಡಿಕಲ್ಲು, ಗೇಣಿ, ಅಳತೆ, ತಕರಾರುಗಳಲ್ಲಿ ಕಳೆದಿತ್ತು. "ಭೂಮಿ ಇಪ್ಪು ಮನಿಗೆ ಭೂಮಿ ಓದ್ದವ ಒಬ್ಬ ಬೇಕ್. ಇನ್ ಮೇಲೆ ಆ ಶಾನುಭಾಗ್ರ ಕಾಲ್ ಹಿಡೂದ್ ತಪ್ಪತ್ತ್" ಎಂದರು. ನಾನು ತಿದ್ದಲಿಲ್ಲ, ನನಗೂ ಗೊತ್ತಿರಲಿಲ್ಲ. ರಘುರಾಮನೂ ಅದೇ ವರ್ಷ ಮನೆ ಬಿಟ್ಟ. ಅವನು ಬೊಂಬಾಯಿಯ ಹೋಟೆಲಿಗೆ, ಗ್ಲಾಸು ತೊಳೆಯಲು.

ನಾನು ಹೊರಟಾಗ ನಮ್ಮ ಜಿಲ್ಲೆ ಮದ್ರಾಸು ರಾಜ್ಯದ್ದು. ಆ ದೀಪಾವಳಿ ಹೊತ್ತಿಗೆ ಮೈಸೂರು ರಾಜ್ಯದ್ದಾಗಿತ್ತು. ಅಲ್ಲಿನ ಮೇಷ್ಟರು ಗೋಡೆಯ ನಕ್ಷೆಯ ಮೇಲೆ ಕೋಲಿಟ್ಟು, "ನಿಮ್ಮ ಊರು ಇನ್ನು ಇಲ್ಲಿಲ್ಲ" ಎಂದರು. ತರಗತಿ ನಕ್ಕಿತು. ಮೂರು ವರ್ಷ ನಾನು ಮೋಡಗಳ ಹೆಸರು ಕಲಿತೆ, ಎಂದೂ ನೋಡದ ದೇಶಗಳ ಗೋಧಿ ಬೆಳೆ ಕಲಿತೆ, ಹಿಮನದಿ ಕಣಿವೆಯನ್ನು ಹೇಗೆ ಕೊರೆಯುತ್ತದೆಂದು ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿದೆ. ಪ್ರತಿ ತಿಂಗಳು ಮಾವ ಅಕ್ಕಿ ಮುಡಿಗಳನ್ನು ಮಾರಿ ಮನಿಯಾರ್ಡರ್ ಕಳಿಸಿದರು. ಮುಡಿಯೆಂದರೆ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ದೊಡ್ಡ ಉಂಡೆ. ನಮ್ಮ ಕಡೆ ಎಲ್ಲದರ ಅಳತೆಯೂ ಅದೇ. ಗದ್ದೆ ಎಷ್ಟು ದೊಡ್ಡದೆಂದು ಕೇಳಿದರೂ ಮುಡಿಯಲ್ಲಿ ಹೇಳುತ್ತಾರೆ.

ಮರಳಿ ಬಂದವನಿಗೆ ಸಿಕ್ಕಿದ್ದು ಬೈಂದೂರಿನ ಕಡೆಯ ಒಂದು ಹೈಸ್ಕೂಲು. ಟ್ರೈನಿಂಗ್ ಆಗದ ಮಾಸ್ತರು, ಅದರಿಂದ ಟೆಂಪೊರರಿ. ಏಪ್ರಿಲಿನಲ್ಲಿ ಬಿಡಿಸುವರು, ಜೂನಿನಲ್ಲಿ ತೆಗೆದುಕೊಳ್ಳುವರು. ಬೇಸಗೆ ರಜೆಯ ಸಂಬಳ ಉಳಿಸುವ ಉಪಾಯ. ಭೂಗೋಳ ಅಂತ ಬೇರೆ ಪಾಠವೂ ಇರಲಿಲ್ಲ, ಚರಿತ್ರೆ, ಪೌರನೀತಿಗಳ ಜೊತೆ ಕಲಸಿದ ಒಂದು ಪುಸ್ತಕವಿತ್ತು. ಉಳಿದ ಪೀರಿಯಡ್‌ಗಳಲ್ಲಿ ನಾನು ಡ್ರಿಲ್ಲು ಮಾಡಿಸಿದೆ. ಶಾಲೆಯ ನಕ್ಷೆಯಲ್ಲಿ ನಾವಿನ್ನೂ ಮದ್ರಾಸಿನಲ್ಲೇ ಇದ್ದೆವು.

ಆ ಊರಿನಲ್ಲಿ ನನ್ನ ಪದವಿಯನ್ನು ಗಂಭೀರವಾಗಿ ತೆಗೆದುಕೊಂಡವನು ನನ್ನ ಬಾಡಿಗೆ ಕೋಣೆಯ ಮಾಲಿಕ ಒಬ್ಬನೇ. ಒಂದು ಬೇಸಗೆಯಲ್ಲಿ ಬಂದು, "ಮಾಷ್ಟ್ರೇ, ಭೂಮಿ ಓದ್ದವ್ರ್ ನೀವ್. ಬಾವಿ ಎಲ್ಲ್ ತೋಡೂದ್ ಹೇಳಿ" ಎಂದ. ಅದು ನನ್ನ ವಿದ್ಯೆಯಲ್ಲ ಎಂದು ಎಷ್ಟು ಹೇಳಿದರೂ, ನಾನು ದಕ್ಷಿಣೆಗಾಗಿ ಸತಾಯಿಸುತ್ತಿದ್ದೇನೆಂದು ತಿಳಿದ. ಪೀಡೆ ತೊಲಗಲೆಂದು ಹಲಸಿನ ಮರದ ಪಕ್ಕ ಕೈ ತೋರಿಸಿದೆ. ನೀರು ಬಂತು. ಕರಾವಳಿಯಲ್ಲಿ ಎಲ್ಲಿ ತೋಡಿದರೂ ಬರುತ್ತದೆ. ಒಂದು ಬಾಳೆಗೊನೆ ತಂದುಕೊಟ್ಟ. ಸಂಬಳ ಬಿಟ್ಟರೆ ಭೂಗೋಳದಿಂದ ನಾನು ಗಳಿಸಿದ್ದು ಅದೊಂದೇ. ಅದನ್ನು ಊರಿಗೆ ಒಯ್ದು ನಗಿಸಲೆಂದು ಕತೆ ಹೇಳಿದೆ. ಆ ಕತೆ ಮುಂದೆ ಎಲ್ಲಿ ಹೋಗಿ ಕೂತಿತೆಂದು ಹೇಳುತ್ತೇನೆ.

ಅರವತ್ತೊಂದರ ಜೂನಿನಲ್ಲಿ ರಘುರಾಮ ಬೊಂಬಾಯಿಯಿಂದ ಬಂದ. ಗ್ಲಾಸು ತೊಳೆಯುತ್ತಿದ್ದವನು ಈಗ ಹೋಟೆಲಿಗೆ ಪಾಲುದಾರ. ಹೊಸ ಹೋಟೆಲು ಹಾಕಲು ದುಡ್ಡು ಬೇಕು, ದುಡ್ಡಿಗೆ ಪಾಲು ಆಗಬೇಕು. ಹಿರಿಯರು ಬದುಕಿರುವಾಗ ಪಾಲು ಮಾಡುವುದು ನಾಚಿಕೆಗೇಡು ಎಂದು ಮಾವ ಎರಡು ದಿನ ಊಟ ಬಿಟ್ಟರು, ಮೂರನೆಯ ದಿನ ಒಪ್ಪಿದರು. ಮಾತುಕತೆಗೆ ಕುಂದಾಪುರದ ಒಬ್ಬ ವಕೀಲರ ಮಾಳಿಗೆ ನಿಗದಿಯಾಯಿತು. ಕೋರ್ಟಿಗೆ ಹೋಗದೆ ಅಲ್ಲಿಯೇ ಕೂತು ಮುಗಿಸುವುದು, ವಕೀಲರೇ ಪಂಚ. ಪ್ರತಿ ಭಾನುವಾರ ಮನೆಯವರು ದಕ್ಷಿಣದಿಂದ ಬರುತ್ತಿದ್ದರು, ನಾನು ಬೈಂದೂರಿನಿಂದ. ಆ ವರ್ಷ ಮಳೆ ಬಿಟ್ಟದ್ದನ್ನು ನಾನು ನೋಡಲಿಲ್ಲ. ಮರವಂತೆಯ ಹತ್ತಿರ ಒಂದು ಕಡೆ ಕಡಲು, ಒಂದು ಕಡೆ ಹೊಳೆ, ಎರಡೂ ಒಂದೇ ಬಣ್ಣ, ನಡುವೆ ರಸ್ತೆ ಎಂಬುದು ಡ್ರೈವರನ ನಂಬಿಕೆ. ಮಾಳಿಗೆಯ ಹಿಂದೆ ಹಿನ್ನೀರಿನಲ್ಲಿ ತೆಂಗಿನ ಸಿಪ್ಪೆ ಕೊಳೆಹಾಕಿದ್ದರು. ಕಿಟಕಿ ತೆರೆದರೆ ಆ ನಾತ, ಮುಚ್ಚಿದರೆ ಒದ್ದೆ ಕೊಡೆಗಳ ನಾತ ಮತ್ತು ನಮ್ಮದು.

ಮೊದಲ ಭಾನುವಾರಗಳು ಸುಲಭವಾಗಿ ಹೋದವು. ಮನೆ ನಡುಗೋಡೆ ಎಬ್ಬಿಸಿ ಎರಡು ಭಾಗ. ಮಾವ ಗಂಡಸು, ಅವರಿಂದ ಕವಲು ಮುಂದುವರಿಯುವುದಿಲ್ಲವಾದ್ದರಿಂದ ಉಣ್ಣಲು ಒಂದು ತುಂಡು ಗದ್ದೆ ಮತ್ತು ಪಡಸಾಲೆಯ ಕೋಣೆ. ಗುಡ್ಡದ ಬದಿಯ ಬೆಟ್ಟುಗದ್ದೆ, ಮಳೆಗಾಲದಲ್ಲಿ ಮಾತ್ರ ಬೆಳೆಯುವಂಥದ್ದು, ಹರಿದು ಹಂಚಿಹೋಯಿತು. ಉಳಿದದ್ದು ಕೆಳಬೈಲು. ತಗ್ಗಿನಲ್ಲಿತ್ತು, ಬೇಸಗೆಯಲ್ಲೂ ನೀರು ನಿಲ್ಲುತ್ತಿತ್ತು, ಎರಡು ಬೆಳೆ ತೆಗೆದ ಮೇಲೆ ಉದ್ದು ಬೇರೆ. ಅದನ್ನು ಮಾಡಿಕೊಂಡಿದ್ದವಳು ಗುಲಾಬಿ ಅಕ್ಕ. ಅವಳ ಗಂಡ ಹುಬ್ಬಳ್ಳಿಯ ಕಡೆ ಎಲ್ಲೋ ಇದ್ದ, ಬಂದರೆ ಬಂದ. ಎರಡು ಹೆಣ್ಣುಮಕ್ಕಳು. ಆಳುಗಳ ಜೊತೆ ತಾನೂ ಕೆಸರಿಗೆ ಇಳಿಯುತ್ತಿದ್ದಳು, ಇದು ಶೆಟ್ಟರ ಮನೆಗೆ ಶೋಭೆಯಲ್ಲವೆಂದು ಚಿಕ್ಕಮ್ಮ ಹೇಳುತ್ತಿದ್ದಳು. ಕೆಳಬೈಲು ಅಬ್ಬಿಯ ಕವರಿಗೆ, ಅಂದರೆ ನಮ್ಮ ಕವಲಿಗೆ, ಬಂದರೆ ಅಕ್ಕನ ಮಕ್ಕಳಿಗೆ ಬದುಕು. ಬರದಿದ್ದರೆ ಅರ್ಧ ವರ್ಷ ಅಂಗಡಿ ಅಕ್ಕಿ.

ಆಗ ರಘುರಾಮ ಕೊಡೆಯ ಹಿಡಿಯನ್ನು ಮೇಜಿಗೆ ತಾಗಿಸಿ ಕೇಳಿದ. "ಅಣ್ಣಯ್ಯನ ಓದು ಎಲ್ಲಿಗ್ ಬಂತ್?"

ಯಾರಿಗೂ ಅರ್ಥವಾಗಲಿಲ್ಲ.

"ಹಿಸಾಬ್ ಅಂದ್ರೆ ಹಿಸಾಬ್ ಅಲ್ದಾ ವಕೀಲ್ರೇ. ಒಟ್ಟು ಮನಿ ಅಕ್ಕಿ ಮಾರಿ ಇವ್ರನ್ನ ಓದ್ಸಿದ್ರ್. ನಾನ್ ಹೋಪತ್ತಿಗೆ ನಂಗೆ ಕೊಟ್ಟದ್ ಒಂದ್ ಟ್ರಂಕ್, ಅದೂ ಬೀಗ ಇಲ್ದ್ ಟ್ರಂಕ್. ಇವ್ರ್ ತಮ್ ಪಾಲನ್ನ ಮದ್ರಾಸಲ್ಲೇ ಉಂಡ್ ಬಂದಿರ್. ಇನ್ ಕೆಳಬೈಲ್ ನಮ್ಗೆ ಬರ್ಕ್."

ವಕೀಲರು ಪೆನ್ನು ಮುಚ್ಚಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಹೊಸ ತಕರಾರು ಸಿಕ್ಕಿದವನ ಸಂತೋಷವಿತ್ತು. "ಪದವಿ ಒಂದು ಆಸ್ತಿಯೇ ಹೌದಾ ಅನ್ನುವುದು ಪ್ರಶ್ನೆ" ಎಂದರು. "ಖರ್ಚಾದದ್ದು ಅಕ್ಕಿ. ಅಕ್ಕಿ ಆಸ್ತಿಯಿಂದ ಬಂದದ್ದು. ಆ ಖರ್ಚು ನಿಮ್ಮ ಕೈಯಲ್ಲಿ ಏನಾಗಿ ಉಳಿದಿದೆ ಮಾಸ್ತರೇ? ಬೆಲೆಬಾಳುವ ವಸ್ತುವಾಗಿ ಉಳಿದಿದ್ದರೆ ನಿಮ್ಮ ಕವರಿನ ಪಾಲಿನಿಂದ ಕಳೆಯಬೇಕು."

ಅದರ ಬೆಲೆ ಏನೂ ಇಲ್ಲ ಎಂದು ನಾನು ತೋರಿಸಿದರೆ ಅಕ್ಕನ ಗದ್ದೆ ಉಳಿಯುತ್ತದೆ. ಮುಂದಿನ ಭಾನುವಾರ ನಾನು ತಯಾರಾಗಿ ಹೋದೆ.

ಆ ಭಾನುವಾರದ ಮಾತು ನನಗೆ ಚೆನ್ನಾಗಿ ನೆನಪಿದೆ ಎಂದು ಬಹಳ ವರ್ಷ ನಂಬಿದ್ದೆ. ಈಗ ಅನುಮಾನ. ಅಷ್ಟು ಸೊಗಸಾಗಿ ನಾನು ಮಾತಾಡಿರಲಾರೆ. ನೆನಪು ನನ್ನ ಬಾಯಿಗೆ ಮುಂದೆ ಎಂದೋ ಹೊಳೆದ ಮಾತುಗಳನ್ನು ಹಾಕಿದೆ. ಆದರೆ ಹೇಳಿದ್ದರ ಸಾರ ಇಷ್ಟು: ನನ್ನ ಸಂಬಳ ಇವನ ಹೋಟೆಲಿನ ಸಪ್ಲಾಯರನ ಸಂಬಳಕ್ಕೂ ಟಿಪ್ಸಿಗೂ ಕಡಿಮೆ. ವರ್ಷದಲ್ಲಿ ಎರಡು ತಿಂಗಳು ನಾನು ಯಾರೂ ಅಲ್ಲ. ಕಲಿತ ಮೋಡಗಳ ಹೆಸರಿನಿಂದ ಒಂದು ಹನಿ ಮಳೆಯೂ ಬೀಳುವುದಿಲ್ಲ, ನಿಲ್ಲುವುದೂ ಇಲ್ಲ. ನಮ್ಮ ಗದ್ದೆಯ ಗಡಿಯನ್ನು ಅಳೆಯಲೂ ನನಗೆ ಬರುವುದಿಲ್ಲ, ಅದು ಸರ್ವೆಯವರ ಕೆಲಸ. ಭೂಗೋಳ ಓದಿದ್ದರಿಂದ ನಾನು ಕೆಟ್ಟಿಲ್ಲ, ಅಷ್ಟೇ ಲಾಭ.

ಮೂರು ವರ್ಷ ರಾತ್ರಿ ಕಣ್ಣುರಿಸಿಕೊಂಡು ಓದಿದ್ದನ್ನು ಹೀಗೆ ಒಂದೊಂದಾಗಿ ಹೇಲಿನಂತೆ ಎತ್ತಿ ತೋರಿಸುತ್ತ ಹೋದೆ. ಎದುರಿಗೆ ಎಂದೂ ಪುಸ್ತಕ ಮುಟ್ಟದ ರಘುರಾಮ ಭೂಗೋಳದ ಪರ ನಿಂತ.

"ಅಣ್ಣಯ್ಯ ಹಾಂಗೆ ಹೇಳೂಕಾಗ. ನಮ್ ಹೋಟ್ಲಿಗೆ ಬಂದರ್‌ದ ಸಾಹೇಬ್ರ್ ಒಬ್ರ್ ಚಾ ಕುಡೂಕೆ ಬತ್ರ್. ಹಡ್ಗ್ ಹೋಪುದ್ ಭೂಗೋಳದ್ ಮೇಲೇ ಅಂಬ್ರ್. ಇಮಾನವೂ ಹಾಂಗೇ. ಭೂಗೋಳ ಇಲ್ದಿರೆ ಮನ್ಷ ದಿಕ್ಕ್ ತಪ್ಪಿ ಹೋತ್ನಂಬ್ರ್."

"ನಾನು ಹಡಗು ನಡೆಸುವುದಿಲ್ಲ."

"ನಡ್ಸೂಕೆ ಬಿಟ್ಟವ್ರ್ ಯಾರ್? ನೀವ್ ಬೈಂದೂರಲ್ಲ್ ಕೂಕಂಡ್ರೆ ಅದ್ ಡಿಗ್ರಿದ್ ತಪ್ಪಾ? ಗದ್ದೆ ಹಡು ಬಿಟ್ರೆ ಗದ್ದೆಗ್ ಬೆಲೆ ಇಲ್ಲೆ ಅಂಬ್ರಾ?" ಹಡು ಎಂದರೆ ಪಾಳು. ವಕೀಲರು ತಲೆದೂಗಿದರು. ರಘುರಾಮನಿಗೆ ಇನ್ನಷ್ಟು ಹುಮ್ಮಸ್ಸು ಬಂತು. "ಮತ್ ಆ ಬಾವಿ? ಅಣ್ಣಯ್ಯ ಬೈಂದೂರಲ್ಲ್ ಬೊಟ್ಟ್ ಮಾಡಿ ತೋರ್ಸದ್ ಜಾಗ್ದಲ್ಲೇ ನೀರ್ ಬಂತಲ್ದಾ? ಗೊನಿ ಕೊಟ್ರಲ್ದಾ? ಅದೂ ಸುಳ್ಳಾ?"

ನಾನು ಹೇಳಿದ ನಗೆಯ ಕತೆ ಸಾಕ್ಷಿಯಾಗಿ ಕೂತಿತ್ತು. ನೀರು ಎಲ್ಲಿ ತೋಡಿದರೂ ಬರುತ್ತದೆ ಎಂದೆ. "ನಮ್ ಬೆಟ್ಟಲ್ಲ್ ಬರಲಿಲ್ಲೆ" ಎಂದಳು ಚಿಕ್ಕಮ್ಮ. ಅದು ನಿಜ.

ಅಬ್ಬಿ ಇದನ್ನೆಲ್ಲ ಬಾಯಿ ತೆರೆದು ಕೇಳುತ್ತಿದ್ದಳು. ಮಗನನ್ನು ಇಷ್ಟು ದಿನ ಯಾರೂ ಇಷ್ಟು ಹೊಗಳಿರಲಿಲ್ಲ. ಬಸ್ಸಿಗೆ ಹೋಗುವಾಗ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು. "ಮಗಾ, ನಿನ್ ಓದಿಗೆ ಕೆಳಬೈಲಿನಷ್ಟ್ ಬೆಲೆ ಇತ್ತಾ?" ಕಣ್ಣು ಹೊಳೆಯುತ್ತಿತ್ತು. ಆ ಹೊಳಪಿನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಗದ್ದೆ ಹೋಗುತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ತೂಗಿಬಂದ ಗೌರವ ಅವಳಿಗೆ ಬೇಕಾಗಿತ್ತು.

ಅದೇ ದಿನ ವಕೀಲರು ನನ್ನನ್ನು ಮಾಳಿಗೆಯ ಮೆಟ್ಟಿಲ ಹತ್ತಿರ ನಿಲ್ಲಿಸಿ ಹೇಳಿದರು. "ನೀವು ಚೆನ್ನಾಗಿ ವಾದ ಮಾಡಿದಿರಿ. ಆದರೆ ಒಂದು ಯೋಚಿಸಿ. ಪದವಿಗೆ ಬೆಲೆಯಿಲ್ಲ ಅಂತಾದರೆ, ಅಷ್ಟು ಅಕ್ಕಿಯನ್ನು ಯಜಮಾನರು ನೀರಿಗೆ ಸುರಿದ ಹಾಗಾಯಿತು. ದುಂದು ಮಾಡಿದ ಯಜಮಾನ ತನ್ನ ಪಾಲಿನಿಂದ ಕಟ್ಟಿಕೊಡಬೇಕಾಗುತ್ತದೆ. ಮಂಜಯ್ಯ ಶೆಟ್ರ ಪಾಲು ಅಂದರೆ ಆ ತುಂಡು ಮತ್ತು ಪಡಸಾಲೆ. ರಘುರಾಮ ಬಿಡುವ ಪೈಕಿಯಲ್ಲ."

ಹಾಗಾದರೆ ಮಾವ ಎಪ್ಪತ್ತರ ಹತ್ತಿರದಲ್ಲಿ ಹೆಂಡತಿಯ ಮನೆಯ ಜಗಲಿಗೆ ಹೋಗಿ ಕೂರಬೇಕು. ಯಜಮಾನನಾಗಿ ಬಾಳಿದವನಿಗೆ ಅದು ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ವಾರ ನಾನು ನಮ್ಮ ಹೆಡ್ಮಾಸ್ತರರ ಹತ್ತಿರ ಹೋದೆ. ಕೋಟದ ಕಡೆಯವರು, ಮೆತ್ತಗಿನ ಮನುಷ್ಯ, ಎಲೆ ಅಡಿಕೆ ಹಾಕಿಕೊಂಡೇ ನಗುತ್ತಿದ್ದರು. ಭೂಗೋಳದಿಂದ ಶಾಲೆಗೆ ವಿಶೇಷ ಉಪಯೋಗವಿಲ್ಲ, ಆ ಕಾಲಕ್ಕೆ ಅಷ್ಟು ಖರ್ಚು ಮಾಡಿದ್ದು ತಪ್ಪೂ ಅಲ್ಲ, ಹೀಗೆ ಎರಡನ್ನೂ ಹೇಳುವ ಒಂದು ಮಾತು ಬಂದು ಹೇಳಬಹುದೇ ಎಂದು ಕೇಳಿದೆ.

"ಹೇಳಕ್ಕ್. ಆದ್ರೆ ಆ ಮಾತ್ ಕುಂದಾಪ್ರದಲ್ಲೇ ಇರತ್ತಾ? ಕಮಿಟಿಯವ್ರ ಕಿವಿಗೆ ಹೋರೆ, ಉಪಯೋಗ ಇಲ್ದ್ ಮಾಷ್ಟ್ರನ್ನ ಬಪ್ಪ ಜೂನಿಗೆ ಎಂತಕ್ ತಕಂಬುದ್ ಅಂತ ಕೇಳ್ತ್ರ್. ನಾನ್ ಎಂತ ಹೇಳ್ಲಿ?" ಎಂದು ಎದ್ದು ಹೊರಗೆ ಉಗುಳಿ ಬಂದರು. "ನಿಮ್ ಡಿಗ್ರಿ ಬೆಲೆ ಇದ್ರೂ ನಿಮ್ಗೆ ಲಾಸ್, ಇಲ್ದಿದ್ರೂ ಲಾಸ್. ನಾನ್ ಸಂಸ್ಕೃತ ಓದ್ದೆ. ಯಾರೂ ಪಾಲ್ ಕೇಂಡಿಲ್ಲೆ."

ಕೊನೆಯ ಭಾನುವಾರ ನನ್ನನ್ನು ಯಾರೂ ಮಾತಾಡಿಸಲಿಲ್ಲ. ವಕೀಲರು ಕೇಳುವ ಮೊದಲೇ ಮಾವ ಎದ್ದು ನಿಂತರು. ಜರಿಯಂಚಿನ ಶಾಲು ಹೊದ್ದುಕೊಂಡು ಬಂದಿದ್ದರು. ಮದುವೆಗೆ ಹೊದೆಯುವ ಶಾಲು, ಆ ಮಳೆಯಲ್ಲಿ.

"ಓದ್ಸದ್ ನಾನ್. ತಿಳ್ಕಂಡೇ ಓದ್ಸಿದ್ದೆ. ಆ ಓದಿಗೆ ಬೆಲೆ ಇತ್ತ್. ಕೆಳಬೈಲ್ ಎಂತ, ಕೆಳಬೈಲಿನ್ ಮೇಲೆ ಇನ್ನ್ ನಾಲ್ಕ್ ಮುಡಿ ಆಪುದಾದ್ರೂ ಸೈ."

ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟರು. ರಘುರಾಮನೂ ತಬ್ಬಿಬ್ಬಾದ. "ಅಷ್ಟ್ ಬ್ಯಾಡ ಮಾವ, ಕೆಳಬೈಲ್ ಸಾಕ್" ಎಂದ. ಒಂದು ಕ್ಷಣ ಎಲ್ಲರೂ ಒಬ್ಬರಿಗೊಬ್ಬರು ಉದಾರಿಗಳಾದರು. ಅಬ್ಬಿ ಸೆರಗಿನಲ್ಲಿ ಕಣ್ಣು ಒರಸಿಕೊಂಡಳು. ನನಗೆ ಕಿಟಕಿಯ ಹತ್ತಿರ ಹೋಗಿ ವಾಂತಿ ಮಾಡಬೇಕೆನಿಸಿತು. ಮಾವ ನನ್ನ ಕಡೆ ತಿರುಗಲಿಲ್ಲ. ಅವರಿಗೆ ನನ್ನ ಮೇಲೆ ಪ್ರೀತಿಯಿತ್ತು, ಇದರಲ್ಲಿ ಅನುಮಾನವಿಲ್ಲ. ಆದರೆ ಅವರು ಆ ದಿನ ಉಳಿಸಿಕೊಂಡದ್ದು ಪಡಸಾಲೆಯನ್ನು.

ಗಂಡಸರು ಮಾತಾಡುವಾಗ ನಮ್ಮ ಹೆಂಗಸರು ಬಾಗಿಲ ಬದಿಯಲ್ಲಿ ಕೂರುತ್ತಿದ್ದರು, ಆಸ್ತಿ ಅವರದೇ ಆದರೂ. ಅಲ್ಲಿಂದ ಗುಲಾಬಿ ಅಕ್ಕ ಕೇಳಿದಳು.

"ವಕೀಲ್ರೇ, ಒಂದ್ ಮಾತ್. ಗಂಡ್ಸಿನ್ ಪಾಲ್ ಅವ ಸತ್ ಮೇಲೆ ಕವರಿಗೇ ವಾಪಸ್ ಬಪ್ಪುದಲ್ದಾ?"

"ಹೌದಮ್ಮ. ಕಟ್ಟಳೆ ಹಾಗೆಯೇ."

"ಹಾಂಗಾರೆ ಇವ ಸತ್ ಮೇಲೆ ಇವನ್ ಡಿಗ್ರಿ ನನ್ ಹೆಣ್ಮಕ್ಕಳಿಗೆ ಬರ್ಕಲೆ. ಹ್ಯಾಂಗೆ ಬತ್ತ್?"

ನಕ್ಕರು. ಯಾರು ಮೊದಲು ನಕ್ಕದ್ದು ಎಂಬುದರ ಬಗ್ಗೆ ನನ್ನಲ್ಲಿ ಹಲವು ನೆನಪುಗಳಿವೆ. ಒಂದರಲ್ಲಿ ವಕೀಲರು, ಒಂದರಲ್ಲಿ ರಘುರಾಮ, ಇತ್ತೀಚೆಗೆ ನಾನೇ. ಅಕ್ಕನನ್ನು ಕೇಳಿದರೆ, "ಎಲ್ಲ್ರೂ ನೆಗ್ಯಾಡ್ದ್ರಿ, ಅಬ್ಬಿಯೂ" ಎನ್ನುತ್ತಾಳೆ. ಅವಳು ಮಾತ್ರ ನಗಲಿಲ್ಲ. ಅವಳು ತಮಾಷೆ ಮಾಡಿರಲಿಲ್ಲ. ಕಾನೂನನ್ನು ಬಲ್ಲವರು ನಾಲ್ಕು ಭಾನುವಾರ ಕೂತರೂ ಯಾರಿಗೂ ಹೊಳೆಯದ್ದನ್ನು ಕೇಳಿದ್ದಳು, ಅದಕ್ಕೆ ಸಿಕ್ಕಿದ ಉತ್ತರ ಆ ನಗೆ. ನಗು ಮುಗಿದ ಮೇಲೆ ವಕೀಲರು ಬರೆದರು. ಕೆಳಬೈಲು ಚಿಕ್ಕಮ್ಮನ ಕವರಿಗೆ ಹೋಯಿತು.

ಕೆಳಗೆ ರಸ್ತೆಯಲ್ಲಿ ಮೊಣಕಾಲು ನೀರು. ಮಾವನನ್ನೂ ಅಬ್ಬಿಯನ್ನೂ ಅಂಗಡಿಯ ಮಾಡಿನ ಕೆಳಗೆ ನಿಲ್ಲಿಸಿ ಅಕ್ಕ ನನ್ನ ಬಳಿ ಬಂದಳು. ಅಳುತ್ತಾಳೆ ಎಂದುಕೊಂಡಿದ್ದೆ. ನನ್ನ ಸಂಬಳದಿಂದ ಪ್ರತಿ ತಿಂಗಳು ಏನಾದರೂ ಕಳಿಸುತ್ತೇನೆ ಎನ್ನಲು ಬಾಯಿ ತೆರೆದೆ.

"ದಾನ ಬ್ಯಾಡ" ಎಂದಳು. "ಕಾಣ್, ಅವ್ರೆಲ್ಲ ಸೇರಿ ಎಂತ ಬರ್ದದ್? ಕೆಳಬೈಲಿನಷ್ಟ್ ಆಸ್ತಿ ನಿನ್ ತಲಿಯೊಳ್ಗೆ ಇತ್ತ್. ನಮ್ ಕವರಿನ್ ಆಸ್ತಿ. ಅಂದ್ರೆ ನಂದ್, ನನ್ ಮಕ್ಕಳದ್. ನೀ ಅದನ್ನ ಮಾಡ್ಕಂಡ್ ಉಂಬವ. ನೀ ಒಕ್ಲ್. ಒಕ್ಲಾದವ ಗೇಣಿ ಕೊಡ್ಕ್."

"ಎಷ್ಟು?"

"ಕೆಳಬೈಲಿಗೆ ಹೊರಗಿನವ್ರ್ ಎಷ್ಟ್ ಕೊಡ್ತಿದ್ರೋ ಅಷ್ಟ್. ಅಕ್ಕಿಲೇ ಬರ್ಕ್. ದುಡ್ಡ್ ತಂದ್ ನಂಗೆ ತೋರ್ಸ್‌ಬ್ಯಾಡ."

ಹೀಗೆ ನಾನು ನನ್ನ ಪದವಿಗೆ ಒಕ್ಕಲಾದೆ. ಇದನ್ನು ಚಂದದ ಕತೆಯಾಗಿ ಹೇಳುವವರು ನಮ್ಮ ಬಂಧುಗಳಲ್ಲಿ ಈಗ ಇದ್ದಾರೆ. ತಮ್ಮನ ನಿಯತ್ತು, ಅಕ್ಕನ ಚುರುಕು ಎಂದೆಲ್ಲ. ಕೇಳಿದಾಗ ಮೈ ಮೇಲೆ ಹುಳ ಹರಿದಂತಾಗುತ್ತದೆ. ಪ್ರತಿ ವರ್ಷ ಕೊಯ್ಲಿನ ಮೇಲೆ ಕುಂದಾಪುರದ ಅಂಗಡಿಯಲ್ಲಿ ಅಕ್ಕಿ ಕೊಂಡು, ಅಂಗಡಿಯವನಿಂದಲೇ ಮುಡಿ ಕಟ್ಟಿಸಿ, ಬಸ್ಸಿಗೆ ಹಾಕಿ, ನನ್ನ ತಾಯಿಯ ಅಂಗಳಕ್ಕೆ ಹೊರಿಸಿಕೊಂಡು ಹೋಗಿ, ಜಗಲಿಯ ಕೆಳಗೆ ನಿಲ್ಲುವುದರಲ್ಲಿ ಚಂದವೇನೂ ಇಲ್ಲ. ಬರ ಬಂದ ವರ್ಷ ಒಕ್ಕಲಿಗೆ ಗೇಣಿ ಬಿಡುವುದುಂಟು. ನನ್ನ ಗದ್ದೆಗೆ ಬರ ಬರುವುದಿಲ್ಲವೆಂದು ಅಕ್ಕ ಬಿಡಲಿಲ್ಲ. ರಜೆಗೆ ಬಿಡಿಸಿದ ಎರಡು ತಿಂಗಳೇ ನನ್ನ ಬರ ಎಂದರೆ, "ಅದ್ ನಿನ್ ಉಳುಮೆ ಕತಿ" ಎಂದಳು. ನನಗೆ ಮದುವೆಯಾಯಿತು, ಟ್ರೈನಿಂಗ್ ಆಯಿತು, ಕಾಯಂ ಆಯಿತು, ಕುಂದಾಪುರಕ್ಕೆ ಬಂದೆ. ನನ್ನ ಹೆಂಡತಿ ಮೊದಮೊದಲು ಜಗಳ ಆಡಿದಳು, ಆಮೇಲೆ ಅಕ್ಕಿ ಆರಿಸಿ ಕೊಡತೊಡಗಿದಳು. ಇಷ್ಟು ಕೊಟ್ಟರೂ ಎರಡು ಬೆಳೆಯ ಗದ್ದೆ ಒಂದು ಸಂಸಾರಕ್ಕೆ ಕೊಡುವುದನ್ನು ಕೊಡಲಾಗಲಿಲ್ಲ. ಅಕ್ಕನ ದೊಡ್ಡ ಮಗಳು ವಾರಿಜ ಎಂಟನೆಯ ತರಗತಿಗೆ ಓದು ನಿಲ್ಲಿಸಿ ಬೀಡಿ ಕಟ್ಟಲು ಕೂತಳು. ಅವಳ ಬೆರಳಿನ ತಂಬಾಕಿನ ಘಾಟು ಅವಳು ಬಡಿಸಿದ ಅನ್ನದಲ್ಲಿ ಇರುತ್ತಿತ್ತು. ನಾನು ಅದನ್ನು ಉಂಡು, ಮರುದಿನ ಮಕ್ಕಳಿಗೆ ತಂಬಾಕು ಬೆಳೆಯುವ ದೇಶಗಳ ಹೆಸರು ಹೇಳಿಕೊಡುತ್ತಿದ್ದೆ.

ರಘುರಾಮ ಕೆಳಬೈಲಿನ ಮೇಲೆ ಸಾಲವೆತ್ತಿ ಬೊಂಬಾಯಿಗೆ ಹೋದ. ಗದ್ದೆಯನ್ನು ಪಕ್ಕದ ಮನೆಯವರಿಗೆ ಗೇಣಿಗೆ ಬಿಟ್ಟ. ಮಾವ ಪಡಸಾಲೆಯಲ್ಲಿ ಎರಡು ವರ್ಷ ಇದ್ದು ತೀರಿಕೊಂಡರು. ಬಂದವರಿಗೆಲ್ಲ ಕೊನೆಯವರೆಗೂ ನನ್ನನ್ನು "ಭೂಮಿ ಓದ್ದವ" ಎಂದೇ ತೋರಿಸುತ್ತಿದ್ದರು. ಅವರನ್ನು ದ್ವೇಷಿಸಲು ಬಹಳ ಪ್ರಯತ್ನಪಟ್ಟೆ.

ಮೊನ್ನೆ ಬ್ರಹ್ಮಾವರದಲ್ಲಿ ನಾನು ಇಳಿದದ್ದೂ ಗೇಣಿ ಕೊಡಲೆಂದೇ. ಹೋದ ಕೊಯ್ಲಿನದು ಬಾಕಿ ಬಿದ್ದಿತ್ತು, ಮಳೆಗಾಲದವರೆಗೂ ಎಳೆದಿದ್ದೆ. ಅಂಗಳ ಮುಟ್ಟುವಾಗ ಅಕ್ಕ ಜಗಲಿಯಲ್ಲಿ ಕೂತು ವಾರಿಜನ ಬೀಡಿ ಎಲೆಗಳಿಗೆ ನೀರು ಚಿಮುಕಿಸುತ್ತಿದ್ದಳು. ಊರಿಗೆ ಊರೇ ಈಗ ಆಡುತ್ತಿರುವ ಮಾತು ಒಂದೇ. ಒಕ್ಕಲು ಮಾಡುವವನಿಗೇ ಗದ್ದೆ ಆಗುವ ಕಾಯಿದೆ ಬರುತ್ತದಂತೆ. ಕೆಳಬೈಲು ರಘುರಾಮನ ಕೈ ಬಿಟ್ಟು ಪಕ್ಕದ ಮನೆಯವರದಾಗುತ್ತದೆ. ಅಕ್ಕನ ಕೈಯಲ್ಲೇ ಇದ್ದಿದ್ದರೆ, ಅವಳೇ ಮಾಡಿಕೊಂಡಿದ್ದ ಗದ್ದೆ, ಯಾವ ಕಾಯಿದೆಯೂ ಮುಟ್ಟುತ್ತಿರಲಿಲ್ಲ. ಇದನ್ನು ನಾವಿಬ್ಬರೂ ಬಲ್ಲೆವು.

ನಾನು ಮುಡಿ ಇಳಿಸಿ, ಬೆವರು ಒರಸಿಕೊಂಡು, ನಗಿಸಲು ನೋಡಿದೆ. "ಅಕ್ಕ, ಕಾಯಿದೆ ಬಂದರೆ ನನ್ನ ಡಿಗ್ರಿಯೂ ನನ್ನದೇ ಆಗುತ್ತದೆ. ಹತ್ತು ವರ್ಷದ ಮೇಲಾಯಿತು ಒಕ್ಕಲು ಮಾಡಿ."

ಅಕ್ಕ ಎದ್ದು ಬಂದು ಹುಲ್ಲಿನ ಕಟ್ಟಿನಲ್ಲಿ ಬೆರಳು ತೂರಿಸಿ ನಾಲ್ಕು ಕಾಳು ತೆಗೆದಳು. ಬಾಯಿಗೆ ಹಾಕಿ ಕಡಿದಳು. ಕಡಿದದ್ದನ್ನು ಅಂಗಳಕ್ಕೆ ಉಗುಳಿದಳು.

"ಆಯ್ಲಿ. ಕಾಯಿದೆ ಬರೂವರಿಗೆ ನೀ ಒಕ್ಲೇ" ಎಂದಳು. "ಈ ಅಕ್ಕಿ ಹಸಿ ಇತ್ತ್. ತಕಂಡ್ ಹೋಗ್, ಬದ್ಲ್ ತಾ."